ಒಲೆಗೆ ಹೋಗದ ತುಂಡುಗಳು

ತಂಗಿಯ ಬಾಣಂತನದಲ್ಲಿ ಮನೆಗೆ ಒಂದು ಲಗೇಜ್ ಆಟೊ ತುಂಬ ಸೌದೆ ಬಂತು. ತಂದವನು ನಾನೇ. ಎರಡು ರಾತ್ರಿ ಕಳೆಯುವಷ್ಟರಲ್ಲಿ ಒಲೆಗೆ ಹಾಕಲು ಅದರಲ್ಲಿ ಒಂದು ತುಂಡೂ ಉಳಿದಿರಲಿಲ್ಲ. ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಕುದೇರಿನ ನಮ್ಮ ಮನೆಯ ಬಚ್ಚಲಲ್ಲಿ ಗೋಡೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆಯಿದೆ, ಅದರಡಿ ಒಲೆ. ಬಾಣಂತಿಯ ನೀರು ಅದರಲ್ಲೇ, ಸೌದೆಯ ಉರಿಯಲ್ಲೇ ಕಾಯಬೇಕೆಂಬುದು ಅವ್ವನ ಹಟ. ಗೀಸರ್ ಹಾಕಿಸುತ್ತೇನೆ ಎಂದೆ.

"ಕರೆಂಟ್ ನೀರು ಬಾಣ್ತಿ ಮೈಗ್ ಇಡಿಯಲ್ಲ ಕಣ್ಲಾ."

ತಾನು ಯಾವುದರಿಂದ ಕಾದೆ ಎಂಬುದು ನೀರಿಗೆ ಹೇಗೆ ಗೊತ್ತಿರುತ್ತದೆ ಎಂದು ವಾದ ಶುರು ಮಾಡಿದೆ. ಒಳಕೋಣೆಯಿಂದ ತಂಗಿ ಕೂಗಿದಳು: "ಅಣ್ಣ, ನಿನ್ ಪಾಠ ಕಾಲೇಜಲ್ಲೇ ಮಡಿಕೊ. ತಲೆ ನವೆ ತಡಿಯಕ್ಕಾಯ್ತಿಲ್ಲ. ನಾಳಿದ್ದಿಗೆ ಹಂಡೆ ತುಂಬ ನೀರ್ ಕಾದಿರ್ಬೇಕು, ಅಷ್ಟೇ."

ಹೆರಿಗೆಯಾದಾಗಿನಿಂದ ಅವಳಿಗೆ ತಲೆಗೆ ಎರೆದಿರಲಿಲ್ಲ. ನಾಳಿದ್ದು ಪುರುಡು ಕಳೆಯುವ ದಿನ. ಎಣ್ಣೆ ತಿಕ್ಕಿ, ಸುಡುಸುಡು ನೀರನ್ನು ಚೊಂಬುಗಟ್ಟಲೆ ಸುರಿದು ಎರೆಯಬೇಕು. ಹಿತ್ತಿಲಿನಲ್ಲಿದ್ದ ತೆಂಗಿನ ಮಟ್ಟೆ ಮುಗಿದಿತ್ತು. ಕಾಡಂಚಿನಿಂದ ಸೌದೆ ಹೊತ್ತು ತರುವ ಕಾಲವೂ ಮುಗಿದಿತ್ತು.

ಆಗ ನನಗೊಂದು ನೆನಪು ಬಂತು. ನಾನು ಚಿಕ್ಕವನಿದ್ದಾಗ ಅಪ್ಪ ಗುಂಡ್ಲುಪೇಟೆಯ ಮರದ ಮಿಲ್ಲಿನಿಂದ ದಿಮ್ಮಿಗಳ ಕೊನೆಯ ತುಂಡುಗಳನ್ನು ತರಿಸಿದ್ದರು. ಹಲಗೆ ಸೀಳುವ ಮುಂಚೆ ಅಳತೆಗೆ ಹೆಚ್ಚಾದದ್ದನ್ನು ಕತ್ತರಿಸಿ ಎಸೆದ ತುಂಡುಗಳು, ಅಗ್ಗಕ್ಕೆ ಸಿಗುವಂಥವು. ಒಲೆ ಭೋರೆಂದು ಉರಿಯುತ್ತಿತ್ತು. ಬಚ್ಚಲ ಗೋಡೆಗೆ ಹೊರಗಿನಿಂದ ಬೆನ್ನು ಕೊಟ್ಟು ನಿಂತರೆ ಬೆಚ್ಚಗಿರುತ್ತಿತ್ತು. ಇಷ್ಟು ಸ್ಪಷ್ಟವಾಗಿ ನೆನಪಿತ್ತು. ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು ಎಂದು ಮಕ್ಕಳಿಗೆ ಹೇಳಿಕೊಡುವವನು. ಆ ಸಾಕ್ಷಿ ನಾನೇ ಆದಾಗ ಮಾತ್ರ ಎರಡನೇ ಮಾತಿಲ್ಲದೆ ನಂಬಿಬಿಡುತ್ತೇನೆ.

ಗುಂಡ್ಲುಪೇಟೆಗೆ ಹೋದೆ. ಮಿಲ್ಲಿನ ಹಿಂದೆ ಬಿಸಿಲಲ್ಲಿ ತುಂಡುಗಳ ರಾಶಿ ಒಣಗಿ ಬಿದ್ದಿತ್ತು: ಸಿಲ್ವರ್ ಓಕ್, ಮಾವು, ಹಲಸು. ಮಿಲ್ಲಿನ ಸಾಹೇಬರು ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆಯೇ ಕೈ ಬೀಸಿದರು.

"ಸೌದೆಗಾ ಸಾರ್? ತುಂಬ್ಕೊಂಡ್ ಹೋಗಿ. ಜಾಗ ಖಾಲಿ ಆದ್ರೆ ನಮ್ಗೂ ನೆಮ್ಮದಿ."

ಆಟೊ ಹೊರಡುವಾಗ ಅವರೇ ಎದ್ದು ಬಂದು, ಮೇಲಿದ್ದ ಒಂದು ದುಂಡನೆಯ ಮಾವಿನ ತುಂಡನ್ನು ಇಳಿಸಿಕೊಂಡರು. "ಇದೊಂದ್ ಬಿಡಿ ಸಾರ್. ಮಟನ್ ಕೊಚ್ಚೋಕೆ ಮನೇಲಿ ಕೇಳ್ತಾನೇ ಇದ್ರು." ಆಗ ನಗು ಬಂತು. ನಗಬಾರದಿತ್ತು.

ಅಂಗಳದಲ್ಲಿ ಸೌದೆ ಇಳಿಸಿ ನಾನು ಕೊಡಲಿ ಹುಡುಕುವಷ್ಟರಲ್ಲಿ ಅವ್ವ ಅದರ ಮುಂದೆ ಕೂತಿದ್ದಳು. ಒಂದೊಂದನ್ನೇ ಎತ್ತಿ, ತಿರುಗಿಸಿ, ಸೆರಗಿನಲ್ಲಿ ಧೂಳು ಒರೆಸಿ ಪಕ್ಕಕ್ಕಿಡುತ್ತಿದ್ದಳು.

"ಇದ್ನ ನೋಡ್ಲಾ, ತಟ್ಟೆ ಇದ್ದಂಗದೆ. ಇಂತಾದ್ನ ಯಾರಾರ ಒಲೆಗ್ ಆಕಾರಾ?"

"ಅದಕ್ಕೇ ತಂದಿರೋದವ್ವ."

"ಸುಮ್ನಿರು. ರಾಗಿ ಡ್ರಮ್ಮಿನ ಕೆಳಗೆ ಮಡಗಿದ್ರೆ ತ್ಯಾವ ಏರಲ್ಲ."

ಎದುರುಮನೆಯ ಚಿಕ್ಕವ್ವ ಬಂದಳು. "ಅಕ್ಕಾ, ಇದೊಂದು ನಂಗಿರ್ಲಿ" ಎಂದು ಹಲಸಿನ ತುಂಡೊಂದನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟಳು. ಅವ್ವ "ತಕ್ಕೊ ತಕ್ಕೊ" ಎಂದಳು. ನಾಳೆ ಎಲ್ಲವನ್ನೂ ಸೀಳಿಬಿಡುತ್ತೇನೆ ಎಂದು ನಾನು ಕೂಗಾಡಿದೆ. ಮರುದಿನ ಕಾಲೇಜಿಗೆ ರಜೆ ಸಿಗಲಿಲ್ಲ. ಅಲ್ಲಿಂದ ಪೂಜೆ ಸಾಮಾನು ಹಿಡಿದು ಕತ್ತಲಾಗುವಾಗ ವಾಪಸು ಬಂದರೆ ಅಂಗಳ ಗುಡಿಸಿದ ಹಾಗಿತ್ತು. ತುಂಡುಗಳು ಮಂಚದ ಕಾಲಡಿ, ಬೀರುವಿನಡಿ, ತುಳಸಿ ಕುಂಡದಡಿ ಸೇರಿದ್ದವು. ಉಳಿದವು ಬೀದಿಯುದ್ದಕ್ಕೂ ಜಗಲಿಗಳ ಮೇಲೆ ಕೂರುವ ಮಣೆಗಳಾಗಿದ್ದವು. ಸುಡಲು ಉಳಿದದ್ದು ಒಂದು ಪುಟ್ಟಿ ತೊಗಟೆ.

ಬೆಳಗ್ಗೆ ತೊಗಟೆ ಹೊತ್ತಿತು, ಹೊಗೆಯಾಯಿತು, ಆರಿತು. ಹಂಡೆಯ ನೀರಿಗೆ ಕೈ ಹಾಕಿದರೆ ಉಗುರಿಗೂ ಬಿಸಿಯಿಲ್ಲ. ಎರೆಯಲು ಬಂದವಳು ಅದೇ ಚಿಕ್ಕವ್ವ.

"ಇದೇನ್ಲಾ ಮಗಾ, ನೀರು ತಣ್ಣಗ್ ಕೊರಿತದೆ?"

"ನೀನ್ ಒತ್ಕೊಂಡ್ ಹೋದ ತುಂಡು ವಾಪಸ್ ತತ್ತಾ."

"ಅದೆಲ್ಲಿ ತರದು? ಕೋಳಿ ಗೂಡಿಗೆ ಅಡ್ಡ ಮಡಗಿವ್ನಿ. ತಗುದ್ರೆ ಬೆಕ್ಕು ನುಗ್ತದೆ."

ನನಗೆ ರೇಗಿಹೋಯಿತು. "ಅಪ್ಪ ತಂದಾಗ ಹೆಂಗೆ ಉರೀತಿತ್ತು! ಗೋಡೆಯೆಲ್ಲ ಬಿಸಿಯಾಗ್ತಿತ್ತು!" ಎಂದೆ.

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾವತ್ಲಾ ಉರ್ದದ್ದು? ಅವೂ ಇಂಗೇ ಮನೆಮನೆಗೆ ಓದೊ. ಒಲೆಗ್ ಆಕಿದ್ದು ತೆಂಗಿನ್ ಮಟ್ಟೆ. ನೀನು ಬಚ್ಚಲಲ್ಲಿ ಕೂರ್ತಿದ್ದ ಮಣೆ ಯಾವ್ದು ಅನ್ಕಂಡೆ?"

ಬಚ್ಚಲಿನ ಮೂಲೆಯಲ್ಲಿ ಅದು ಇತ್ತು. ದುಂಡಗೆ, ಸವೆದು, ನಡುವೆ ತಗ್ಗಾಗಿ, ಒಂದು ಬದಿಯಲ್ಲಿ ಗರಗಸದ ಗೀರು ಇನ್ನೂ ಕಾಣುವಂತೆ. ಎಷ್ಟು ವರ್ಷ ಅದರ ಮೇಲೆ ಕೂತು ಮೈ ತಿಕ್ಕಿಕೊಂಡಿದ್ದೇನೋ. ಹಾಗಾದರೆ ಬೆನ್ನಿಗೆ ತಾಗಿದ ಆ ಬಿಸಿ? ಬಿಸಿ ನಿಜವಿರಬಹುದು, ಸೌದೆ ಸುಳ್ಳು. ಅಥವಾ ಅವ್ವನ ನೆನಪೇ ಸುಳ್ಳಿರಬಹುದು. ಅವಳಿಗೂ ಇವತ್ತು ಗೆಲ್ಲಬೇಕಿತ್ತಲ್ಲ.

ಅಷ್ಟರಲ್ಲಿ ತಂಗಿ ಹೊರಗೆ ಬಂದಳು. ತಲೆಯಿಂದ ಹರಳೆಣ್ಣೆ ಕತ್ತಿಗೆ ಇಳಿಯುತ್ತಿತ್ತು, ಒಳಗೆ ಮಗು ಅಳುತ್ತಿತ್ತು. ಅವ್ವ ಕೂತಿದ್ದದ್ದು ಇದ್ದುದರಲ್ಲೇ ದೊಡ್ಡ ತುಂಡಿನ ಮೇಲೆ.

"ಏಳವ್ವ. ಅಣ್ಣ, ಇದ್ನ ಸೀಳು."

"ಅಯ್ಯೋ, ನಿನ್ನ ಕೂರ್ಸಿ ಎರಿಯಕ್ಕೆ ಅಂತ್ಲೇ ಮಡಗಿದ್ದು ಕಣಮ್ಮಿ!"

"ಕೂರಕ್ಕೇನೋ ಆಯ್ತು. ಉಯ್ಯಕ್ಕೆ ನೀರೆಲ್ಲಿ? ನಾ ನಿಂತ್ಕಂಡೇ ಎರಸ್ಕತೀನಿ. ಸೀಳಣ್ಣ!"

ಅವ್ವ ಎದ್ದಳು. ನಾನು ಕೊಡಲಿ ಎತ್ತಿದೆ. ಗಂಟಿನ ಮರ, ಕೊಡಲಿ ಸಿಕ್ಕಿಕೊಂಡಿತು, ಕೈ ಬೊಬ್ಬೆ ಬಂತು, ಕಡೆಗೂ ಸೀಳಿತು. ಒಣಗಿದ್ದ ಸೌದೆ ಹೊತ್ತಿಕೊಂಡ ಮೇಲೆ ಚೆನ್ನಾಗಿಯೇ ಉರಿಯಿತು. ಗೋಡೆ ಬಿಸಿಯಾಗುತ್ತದೆಯೋ ನೋಡಲು ಹೊರಗೆ ಹೋಗಿ ಬೆನ್ನು ಕೊಟ್ಟು ನಿಂತೆ. ಬೆವರಿನ ಅಂಗಿ ಅಂಟಿಕೊಂಡು ಏನೂ ತಿಳಿಯಲಿಲ್ಲ.

ಒಳಗೆ ಚೊಂಬಿನ ಸದ್ದು ಶುರುವಾಯಿತು. ತಂಗಿ ನಿಂತಿರಲಿಲ್ಲ, ಅಪ್ಪನ ಕಾಲದ ಮಣೆಯನ್ನು ಎಳೆದುಕೊಂಡು ಕೂತದ್ದು ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಅವಳ ದನಿ ಬಂತು: "ಬಿಸಿ ಸಾಲ್ದು ಚಿಕ್ಕವ್ವ. ಇನ್ನೂ ಕಾಯ್ಲಿ."

ಅವ್ವ ಒಳಗೆ ಹೋದಳು. ರಾಗಿ ಡ್ರಮ್ಮು ನೆಲಕ್ಕೆ ತಗುಲಿದ ಸದ್ದು ಕೇಳಿಸಿತು. ತಟ್ಟೆಯಂತಿದ್ದ ಆ ತುಂಡನ್ನು ತಂದು ನನ್ನ ಕಾಲ ಬಳಿ ಕುಕ್ಕಿದಳು.

"ಇದೊಂದೇ ಕಣ್ಲಾ. ಮಿಕ್ಕವ್ಕೆ ಕೈ ಇಟ್ಟೀಯ, ಜೋಕೆ."