ವೀರಭದ್ರಮ್ಮನ ಹಗೇವು

ಜವಳಗೇರಾದ ವೀರಭದ್ರಮ್ಮನ ಹಠ ಊರಿಗೆಲ್ಲ ಗೊತ್ತು. ಹಿಡಿದರೆ ಉಡದ ಹಿಡಿತ. ಮನೆಯ ಮುಂದೆ ನೆಲದೊಳಗೆ ಕಾಳು ತುಂಬಿಡಲು ತೋಡಿದ ಆಳುದ್ದದ ಹಗೇವು, ಅದರ ತುಂಬ ಬಿಳಿಜೋಳ. ಅಷ್ಟಿದ್ದೂ ಆಕೆ ಏಳು ವರ್ಷ ಪಕ್ಕದ ಮನೆಯ ರೊಟ್ಟಿ ಉಂಡಳು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ, ಉಂಡದ್ದಂತೂ ನಿಜ.

ಆ ಹಗೇವನ್ನು ಮುಚ್ಚಿದವನು ಆಕೆಯ ಗಂಡ ದೊಡ್ಡಬಸಪ್ಪ. ನಲವತ್ತೆಂಟರ ಬೇಸಿಗೆ. ರಜಾಕಾರರ ಹಾವಳಿಗೆ ಹೆದರಿ ಜನ ಗಂಟುಮೂಟೆ ಕಟ್ಟಿ ಹೊಳೆ ದಾಟುತ್ತಿದ್ದರು. ಬಂಡಿ ಹೂಡುವ ಮುಂಚೆ ದೊಡ್ಡಬಸಪ್ಪ ಜೋಳದ ಮೇಲೆ ಹುಲ್ಲು ಹೊದಿಸಿ, ಹಗೇವಿನ ಬಾಯಿಗೆ ಬಂಡೆಗಲ್ಲು ಎಳೆದು, ಸಂದಿಗೆಲ್ಲ ಕೆಸರು ಮೆತ್ತಿದ. "ಬಂದ ಮ್ಯಾಲೆ ನಾನ ತೆಗೀತೀನಿ, ನೀ ಮುಟ್ಟಬ್ಯಾಡ" ಅಂದ. ಬರಲಿಲ್ಲ. ಹೊಳೆಯಾಚೆಯ ಬಿಡಾರದಲ್ಲಿ ಜ್ವರ ಬಂದು ತೀರಿಕೊಂಡ.

ಗಲಾಟೆ ಅಡಗಿದ ಮೇಲೆ ವೀರಭದ್ರಮ್ಮ ಮಗಳು ಕಲ್ಯಾಣಮ್ಮನನ್ನು ಕರೆದುಕೊಂಡು ಮರಳಿದಳು. ಮನೆಗೆ ಬಾಗಿಲಿರಲಿಲ್ಲ, ಒಳಗೆ ಒಂದು ತಂಬಿಗೆಯೂ ಇರಲಿಲ್ಲ. ಹಗೇವು ಮಾತ್ರ ಉಳಿದಿತ್ತು. ಪಕ್ಕದ ಮನೆಯ ದಾವಲ್‌ಸಾಬ್ ಅದರ ಮೇಲೆ ಸಗಣಿ ಕುಳ್ಳಿನ ಬಣವೆ ಒಟ್ಟಿ, ಲೂಟಿಗಾರರ ಕಣ್ಣಿಗೆ ಬೀಳದಂತೆ ಕಾಯ್ದಿದ್ದ. ಅವನು ಕುಳ್ಳು ಸರಿಸಿ ತೋರಿಸಿದಾಗ, ಒಣಗಿದ ಕೆಸರಿನಲ್ಲಿ ಗಂಡನ ಬೆರಳುಗಳು ಎಳೆದ ಗುರುತುಗಳು ಹಾಗೆಯೇ ಇದ್ದವು. ವೀರಭದ್ರಮ್ಮ ಅಲ್ಲೇ ಕುಸಿದು ಅತ್ತಳು.

"ಮುಚ್ಚಿದ ಕೈ ಇಲ್ಲದ ಮ್ಯಾಲೆ ಇದನ್ನ ಯಾರೂ ತೆಗೆಯೂದು ಬ್ಯಾಡ" ಅಂದಳು.

ಅಂದದ್ದೇ ಅಂದದ್ದು. ಮಳೆಗೆ ಗುರುತು ಕರಗದಂತೆ ಕುಳ್ಳನ್ನು ಮತ್ತೆ ಅದರ ಮೇಲೆ ಒಟ್ಟಿಸಿದಳು. ಮಗಳನ್ನು ಮಸ್ಕಿಗೆ ಕೊಟ್ಟು ಮದುವೆ ಮಾಡಿದಾಗಲೂ ತೆಗೆಯಲಿಲ್ಲ. ಹಗೇವಿಗೆ ಇಳಿದು ಕಾಳು ತೆಗೆಯುವುದರಲ್ಲಿ ಪಳಗಿದ್ದ ಮುದುಕಪ್ಪ ವರ್ಷವರ್ಷ ಬಂದು ಕೇಳಿ, ಬೈಸಿಕೊಂಡು ಹೋಗುತ್ತಿದ್ದ. ಆಕೆಯ ಹೊಲವನ್ನು ದಾವಲ್‌ಸಾಬ್ ಪಾಲಿಗೆ ಮಾಡುತ್ತಿದ್ದ. ಬೆಳೆ ಕೈಕೊಟ್ಟ ವರ್ಷಗಳಲ್ಲಿಯೂ ಅವನ ಹೆಂಡತಿ ಜಮೀಲಾಬೀ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಮೋಟುಗೋಡೆಯ ಮೇಲಿಂದ ಕೊಡುತ್ತಿದ್ದಳು. ಕಾಲ ಕೆಳಗೆ ತನ್ನ ಜೋಳ, ಕೈಯಲ್ಲಿ ನೆರೆಮನೆಯ ರೊಟ್ಟಿ! ಊರು ನಕ್ಕಿತು. ಜಮೀಲಾಬೀ ಒಮ್ಮೆಯೂ ನಗಲಿಲ್ಲ.

ಆಮೇಲೆ ಕಾಲುವೆ ಬಂತು. ಐವತ್ತೈದರ ಹೊತ್ತಿಗೆ ಎರೆಹೊಲಗಳಲ್ಲಿ ನೀರು ನಿಂತಿತು. ಆಂಧ್ರದ ಕಡೆಯವರು ಬಂದು ಗುಡಿಸಲು ಹಾಕಿ ಭತ್ತ ನಾಟಿ ಮಾಡಿದರು. ಊರಿಗೆ ಊರೇ ಕುಣಿಯಿತು. ಆದರೆ ನೀರು ನೆಲದ ಮೇಲಷ್ಟೇ ಹರಿದು ಸುಮ್ಮನಿರುತ್ತದೆಯೇ? ಒಳಗೊಳಗೇ ತೇವ ಏರಿತು. ಕೆಳಗಿನ ಓಣಿಯಲ್ಲಿ ಒಂದು ಹಗೇವು ತೆಗೆದರೆ ಜೋಳವೆಲ್ಲ ಕಪ್ಪು ಮುದ್ದೆ, ದನ ಕೂಡ ಮೂಸಲಿಲ್ಲ.

ಆ ಸುದ್ದಿ ಕೇಳಿದ ಜಮೀಲಾಬೀ ಕೈಯ ಹಿಟ್ಟನ್ನೂ ತೊಳೆಯದೆ ಓಡಿ ಬಂದಳು. "ಅಕ್ಕಾ, ಇವತ್ತ ತೆಗಸ್ರಿ. ತಡಾ ಮಾಡಿದ್ರ ಎಲ್ಲಾ ಕೊಳೀತದ."

"ಅದರ ಮ್ಯಾಲೆ ಅವ್ರ ಬೆರಳು ಮೂಡ್ಯಾವ, ಜಮೀಲಾ. ಅವೂ ಹೋದ್ರ ನನಗೇನು ಉಳೀತು?"

ಏಳು ವರ್ಷದಲ್ಲಿ ಮೊದಲ ಸಲ ಜಮೀಲಾಬೀಗೆ ಸಿಟ್ಟು ಬಂತು. "ಅಣ್ಣಾರು ಬೆರಳು ಮೂಡಸಾಕ ಮುಚ್ಚಿದ್ರೇನ್ರಿ? ಹೆಂಡ್ತಿ ಮಗಳು ಉಣ್ಲಿ ಅಂತ ಮುಚ್ಚಿದ್ರು. ಅವ್ರು ಇಟ್ಟುಹೋದ ಕೂಳು ನೀವು ಒಂದು ತುತ್ತೂ ಉಂಡಿಲ್ಲ. ಈಗ ಅದನ್ನ ಮಣ್ಣಿಗೆ ಉಣಸ್ತೀರೇನು?"

ಗಂಡ ಉಣಬಡಿಸಿ ಹೋದ ತಾಟನ್ನು ತಾನು ಇಷ್ಟು ವರ್ಷ ದೂರ ತಳ್ಳಿದ್ದೆನಲ್ಲ ಎಂದು ವೀರಭದ್ರಮ್ಮನಿಗೆ ಆಗ ಹೊಳೆಯಿತು. ಎದ್ದು ಕುಳ್ಳು ಸರಿಸಿ, ಕೊಡ ನೀರು ತಂದು ಕೆಸರಿನ ಮೇಲೆ ಹನಿಹನಿಯಾಗಿ ಹೊಯ್ದಳು. ಅದು ಮೆತ್ತಗಾದ ಮೇಲೆ ತನ್ನ ಅಂಗೈಯಿಂದಲೇ ಒರೆಸಿದಳು. ಬೆರಳಿನ ಗುರುತುಗಳು ಒಂದೊಂದಾಗಿ ಅಳಿಸಿಹೋದವು. ಕಡೆಯ ಗುರುತು ಹೋಗುವವರೆಗೂ ನಿಲ್ಲಿಸಲಿಲ್ಲ.

ಮುದುಕಪ್ಪ ಬಂದು ಕಲ್ಲು ಸರಿಸಿದ. ಮೊದಲು ಹಗ್ಗ ಕಟ್ಟಿ ಇಳಿಬಿಟ್ಟ ದೀಪ ಆರಿತು. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಮರುದಿನ ಮತ್ತೆ ಇಳಿಬಿಟ್ಟರೆ ಉರಿಯಿತು. ಅವನು ಇಳಿದ. ಎಲ್ಲರೂ ಹಗೇವಿನ ಬಾಯಿಗೆ ಬಗ್ಗಿದರು.

"ಅವ್ವಾ, ಸುತ್ತಲಿಂದು ಕೆಟ್ಟದ" ಎಂದ ಒಳಗಿಂದ. ಆಮೇಲೆ ಕೂಗಿದ, "ನಡುವಿಂದು ಬಂಗಾರ ಇದ್ದಂಗ ಅದ!"

ತೆಗೆದ ಹಗೇವಿನ ಜೋಳ ಹೆಚ್ಚು ದಿನ ಇರುವುದಿಲ್ಲ, ಹಂಚಲೇಬೇಕು. ಮಸ್ಕಿಗೆ ಒಂದು ಚೀಲ ಹೋಯಿತು. ಅದಕ್ಕೂ ಮುಂಚೆ ಮೊದಲ ಸೇರು ಜಮೀಲಾಬೀಯ ಉಡಿಗೆ ಬಿತ್ತು. "ಇದು ನಿನ್ನ ರೊಟ್ಟಿ ಋಣಕ್ಕಲ್ಲವ್ವ, ಅದು ತೀರೂದಲ್ಲ. ನೀವು ಗಂಡಹೆಂಡ್ತಿ ಇದ್ರಿ, ನಾ ಬದುಕಿದೆ" ಎಂದು ವೀರಭದ್ರಮ್ಮ ಆಕೆಯ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು.

ಜನ ಸೇರಿದ್ದು ಕಂಡು ಗುಡಿಸಲಿನ ತೆಲುಗು ಹೆಂಗಸೊಬ್ಬಳು ಬಂದು ನಿಂತಳು. "ಎವರಿ ಜೊನ್ನಲಮ್ಮಾ ಇವಿ?" ಯಾರ ಜೋಳವೆಂದು ಕೇಳುತ್ತಿದ್ದಾಳೆ ಎಂಬುದು ಎಲ್ಲರಿಗೂ ತಿಳಿಯಿತು. ಎಲ್ಲರೂ ವೀರಭದ್ರಮ್ಮನ ಕಡೆ ನೋಡಿದರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಮದುವೆಯಲ್ಲಿ ಹೆಸರು ಹೆಣೆದು ಒಡಪು ಹೇಳುವಾಗ ಬಂದದ್ದೇ ಕೊನೆ. ತಾನಾದರೂ ಹೇಳೋಣವೆಂದು ಮುದುಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ವೀರಭದ್ರಮ್ಮನೇ ತಲೆಯೆತ್ತಿದಳು.

"ದೊಡ್ಡಬಸಪ್ಪನವ್ರ ಜೋಳವ್ವ. ನನ್ನ ಗಂಡ. ಭಾಳ ಚಲೋ ಮನಷ್ಯಾರಿದ್ರು" ಎಂದಳು. "ಉಡಿ ಹಿಡಿ."