ಅಡಿವೆಪ್ಪನ ಮಗ ನೇಯ್ದ ಸೀರೆ

ನಾಗಲಿಂಗನಷ್ಟು ದಣಿದ ಮನುಷ್ಯ ಬೆಳಗಾವಿಯ ನಮ್ಮ ಶಹಾಪುರದಲ್ಲಿ ಇನ್ನೊಬ್ಬನಿಲ್ಲ. ವಯಸ್ಸು ನಲವತ್ತೊಂದು, ನಡಿಗೆ ಎಪ್ಪತ್ತರದ್ದು. ಮಗ್ಗ ರಿಪೇರಿ ಮಾಡಿಕೊಂಡಿರುವ ನನಗೆ, ಈ ದುಂಡಪ್ಪನಿಗೆ, ಓಣಿಯ ಎಲ್ಲ ಮನೆಗಳ ಸಂಗತಿ ಗೊತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣವನ್ನು ಮಾತ್ರ ದೇವರು ಕೊಡಲಿಲ್ಲ.

ಅವನ ಊರು ಖಾನಾಪುರ. ಅಪ್ಪ ಅಡಿವೆಪ್ಪ ಅಲ್ಲಿಯ ಹಂಚಿನ ಭಟ್ಟಿಯಲ್ಲಿ ದುಡಿಯುತ್ತಿದ್ದ. ಭಟ್ಟಿಯ ಗೋಡೆ ಬಿರುಕು ಬಿಟ್ಟಿದೆ, ಒಳಗೆ ಹೋಗುವುದು ಬೇಡ ಎಂದು ಅವನು ಹೇಳಿದರೂ ಕೆಲಸ ಮಾಡಿಸುವ ಮುಕಾದಮ ಪುಂಡಲೀಕ ಗದರಿಸಿ ಒಳಗೆ ಕಳಿಸಿದ. ಗೋಡೆ ಬಿತ್ತು, ಅಡಿವೆಪ್ಪ ಸತ್ತ. ವಿಚಾರಣೆಗೆ ಬಂದವರ ಮುಂದೆ ಪುಂಡಲೀಕ, ‘ಕುಡಿದು ತಾನಾಗಿಯೇ ಒಳಗೆ ಹೋಗಿದ್ದ’ ಎಂದುಬಿಟ್ಟ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಒಂದು ಹನಿ ಮುಟ್ಟದೆ ಬಾಳಿದವನು ಸತ್ತ ಮೇಲೆ ಕುಡುಕನಾದ. ಹೆಂಡತಿ ಆ ಅವಮಾನದಲ್ಲೇ ವರ್ಷದೊಳಗೆ ತೀರಿಕೊಂಡಳು. ಒಂಬತ್ತು ವರ್ಷದ ನಾಗಲಿಂಗ ಒಬ್ಬನೇ ಉಳಿದ.

ಖಾನಾಪುರದ ಸಂತೆಗೆ ಸೀರೆ ಒಯ್ಯುತ್ತಿದ್ದ ನಮ್ಮ ಓಣಿಯ ನೇಕಾರ ಬಾಬಾಜಾನ ಅಡಿವೆಪ್ಪನ ಗೆಳೆಯ. ಅವನೇ ಹುಡುಗನನ್ನು ಮನೆಗೆ ಕರೆತಂದ. ಬಾಬಾಜಾನನ ಹೆಂಡತಿ ಜುಲೇಖಾ ಅಂದೇ ಅವನಿಗೆ ಬೇರೆ ಗಡಿಗೆ, ಬೇರೆ ತಾಟು ಇಟ್ಟಳು. ಮಾಂಸದ ಪಾತ್ರೆ ಆ ಕಡೆ ಸುಳಿಯಲಿಲ್ಲ. ಲಿಂಗಪೂಜೆ ಮರೆತು ಊಟಕ್ಕೆ ಕೂತರೆ ರೊಟ್ಟಿ ಹಾಕುತ್ತಿರಲಿಲ್ಲ. “ಮೊದಲ ನಿಮ್ಮಪ್ಪ ಹೇಳಿಕೊಟ್ಟದ್ದು ಮಾಡು, ಆಮ್ಯಾಲೆ ನಾ ಕೊಟ್ಟದ್ದು ತಿನ್ನು” ಅನ್ನುತ್ತಿದ್ದಳು.

ಇಷ್ಟಾದರೂ ಇವನು ಚಾಚಾ, ಚಾಚಿ ಎಂದನೇ ಹೊರತು ಒಂದು ದಿನವೂ ಅಬ್ಬಾ ಎನ್ನಲಿಲ್ಲ. ಮಕ್ಕಳಿಲ್ಲದ ಬಾಬಾಜಾನ ಆ ಒಂದು ಮಾತಿಗೆ ಕಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ಸಿಟ್ಟಿನಿಂದ ನಾಗಲಿಂಗನನ್ನು ಕೇಳಿಯೂ ಬಿಟ್ಟೆ.

“ನಮ್ಮಪ್ಪನ ಹೆಸರಿಗೆ ಹತ್ತಿದ ಹೊಲಸು ತೊಳಿಯೂತನಕಾ ಇನ್ನೊಬ್ಬರಿಗೆ ಅಪ್ಪಾ ಅನ್ನಾಕ ನಾಲಿಗಿ ಹೊರಳೂದಿಲ್ಲ ಕಾಕಾ” ಅಂದ.

ಪುಂಡಲೀಕ ತನ್ನ ಮಂದಿಯ ಮುಂದೆಯೇ ತಲೆ ತಗ್ಗಿಸಬೇಕು. ಇದೊಂದೇ ಹಟ ಮೂವತ್ತೆರಡು ವರ್ಷ ಇವನನ್ನು ತಿಂದಿತು.

ಹೋದ ವರ್ಷ ಬಾಬಾಜಾನನ ಕಣ್ಣು ತೀರಾ ಮಂಜಾದವು. ಇನ್ನೊಂದು ಮದುವೆ ಸೀರೆ ಇಳಿಸಿ ಮಗ್ಗ ನಿಲ್ಲಿಸೋಣ ಅಂದ. ಆ ಕೊನೆಯ ಸೀರೆಗೆ ಖಾನಾಪುರದಿಂದಲೇ ಆರ್ಡರ್ ಬಂತು, ನಾಗಲಿಂಗ ನೇಯತೊಡಗಿದ. ಅರ್ಧ ಆಗಿದ್ದಾಗ ಲಗ್ನಪತ್ರಿಕೆ ಬಂತು. ಮದುಮಗಳು ನಿಖಿತಾ. ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಅವಳ ಅಜ್ಜನ ಹೆಸರು: ಪುಂಡಲೀಕ. ಅದೇ ಮನೆತನ, ಅದೇ ಓಣಿ.

ನಾಗಲಿಂಗ ಪತ್ರಿಕೆ ತಂದು ನನ್ನ ಮುಂದೆ ಹಿಡಿದ. “ಒಂದ ಗೇಣು ಸಡಲ ನೇದ್ರ ಸಾಕು ಕಾಕಾ. ಅಕ್ಷತಿ ಬೀಳೂದ್ರಾಗ ಮದುಮಗಳ ಮೈಮ್ಯಾಲ ಸೀರಿ ಹರೀತೈತಿ. ಆ ಮನಿಗೆ ಇದಕ್ಕಿಂತ ಅಪಶಕುನ ಬ್ಯಾರೆ ಏನ ಬೇಕು?”

“ಹರೀಲಿ ಬಿಡು” ಅಂದೆ.

ಆದರೆ ಬಾಬಾಜಾನನ ಮಗ್ಗದಿಂದ ಇಳಿದ ಪ್ರತಿ ಸೀರೆಯ ಒಳತುದಿಯಲ್ಲಿ ಎರಡು ಹಸಿರು ಎಳೆ ಇರುತ್ತವೆ. ಮೂರು ತಲೆಮಾರಿನಿಂದ ಅದು ಆ ಮನೆಯ ಗುರುತು. ಸೀರೆ ಹರಿದರೆ ಮಣ್ಣುಪಾಲಾಗುವುದು ಬಾಬಾಜಾನನ ಹೆಸರು. ಎಂಟು ದಿನ ನಾಗಲಿಂಗ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತ. ಒಂಬತ್ತನೆಯ ದಿನ ಬಾಬಾಜಾನ ಗೋಡೆ ಹಿಡಿದುಕೊಂಡು ಬಂದು, ನೇಯ್ದಷ್ಟರ ಮೇಲೆ ಬೆರಳಾಡಿಸಿ, “ನನಗಿಂತ ಚಂದ ನೇದಿ ಬೇಟಾ” ಎಂದು ಹೋದ. ನಾಗಲಿಂಗ ಲಾಳಿ ಎತ್ತಿಕೊಂಡ. ಒಂದು ಎಳೆಯೂ ಸಡಿಲಾಗದಂತೆ ಮುಗಿಸಿದ, ತುದಿಗೆ ಎರಡು ಹಸಿರು ಎಳೆ ಹಾಕಿದ, ಆಮೇಲೆ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಇಷ್ಟು ನೋಡಿಯೂ ಬಾಯಿ ಮುಚ್ಚಿಕೊಂಡಿರಲು ನಾನೇನು ಕಲ್ಲೇ? ಸೀರೆ ಯಾರ ಮನೆಗೆ ಹೋಗುತ್ತಿದೆ, ನಾಗಲಿಂಗ ಏನು ಮಾಡಲು ಹೊರಟಿದ್ದ, ಎಲ್ಲವನ್ನೂ ಮದುವೆಯ ಹಿಂದಿನ ದಿನ ಬಾಬಾಜಾನನಿಗೆ ಹೇಳಿಬಿಟ್ಟೆ. ಅವನ ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ಆ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆ ಸೀರೆಯನ್ನು ನೇಕಾರನೇ ತಂದು ಕೊಡಬೇಕು. ಮನೆಯ ಹಿರಿಯ ನೇಕಾರನ ತಲೆಗೆ ರುಮಾಲು ಸುತ್ತಿದ ಮೇಲೆಯೇ ಮದುಮಗಳು ಅದನ್ನು ಉಡಬೇಕು. ಹೀಗಾಗಿ ನಾವು ಮೂವರೂ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆವು.

ಹಂದರದ ತುಂಬ ಬೀಗರು. ಪುಂಡಲೀಕ ಮುದುಕನಾಗಿದ್ದ, ಆದರೆ ದನಿಯ ಗತ್ತು ಇಳಿದಿರಲಿಲ್ಲ. ಸೀರೆ ಹಿಡಿದು ನಿಂತ ನಾಗಲಿಂಗನನ್ನು ನೋಡಿ, “ನೀ ಯಾರ ಮಗಾಪಾ?” ಎಂದು ಕೇಳಿದ.

ಮೂವತ್ತೆರಡು ವರ್ಷ ಇವನು ಕಾದಿದ್ದ ಪ್ರಶ್ನೆ ಅದು. ಉತ್ತರವನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದನೋ. ಕಣ್ಣು ಕಾಣದ ಬಾಬಾಜಾನನ ಕೈ ಅವನ ಹೆಗಲ ಮೇಲಿತ್ತು. ನಾಗಲಿಂಗ ಆ ಕೈಯನ್ನೊಮ್ಮೆ ನೋಡಿದ.

“ಬಾಬಾಜಾನರ ಮಗಾ ರೀ” ಅಂದ.

ಬಾಬಾಜಾನ ಕಾದಿದ್ದ ಮಾತು ಅವನಿಗೆ ಸಿಕ್ಕಿತು, ಸಿಗಬಾರದ ಜಾಗದಲ್ಲಿ. ಅಡಿವೆಪ್ಪನ ಹೆಸರು ಇನ್ನೊಮ್ಮೆ ಮಣ್ಣಿನಡಿ ಹೋಯಿತು.

ಪುಂಡಲೀಕ ರುಮಾಲು ಬಿಚ್ಚಿಕೊಂಡು ಬಾಬಾಜಾನನ ತಲೆಯ ಹತ್ತಿರ ತಂದ. ಬಾಬಾಜಾನ ಕೈ ಅಡ್ಡ ಹಿಡಿದ.

“ಇದು ನನಗ ಅಲ್ರಿ. ನೇದಾವ ಇವ. ನನ್ನ ಮಗ ಅನ್ನೂದು ಖರೇ. ಆದ್ರ ಹಡದಾವ ನಿಮ್ಮೂರಿನ ಅಡಿವೆಪ್ಪ, ಹಂಚಿನ ಭಟ್ಟ್ಯಾಗ ಸತ್ತಾವ. ಅಡಿವೆಪ್ಪ ಜನ್ಮದಾಗ ಕುಡಿದಾವಲ್ಲ. ನಿಮಗೂ ಗೊತ್ತೈತಿ.”

ದನಿ ಏರಿಸಲಿಲ್ಲ. ಆದರೂ ಸನಾದಿ ಊದುವವರು ನಿಲ್ಲಿಸಿದರು. ಪುಂಡಲೀಕನ ಮಗ ಮುಂದೆ ಬಂದು, “ಅಪ್ಪಾ, ನೀವ ಒಳಗ ನಡೀರಿ” ಅಂದ. ಮುದುಕ ಕದಲಲಿಲ್ಲ. ಒಳಕೋಣೆಯ ಬಾಗಿಲಲ್ಲಿ ನಿಖಿತಾ ಸೀರೆಗಾಗಿ ಕಾಯುತ್ತ ನಿಂತಿದ್ದಳು.

“ಗೊತ್ತೈತಿ” ಅಂದ ಪುಂಡಲೀಕ, ಮೊಮ್ಮಗಳ ಕಡೆ ಒಮ್ಮೆ ನೋಡಿ. “ಕುಡಿದಿರಲಿಲ್ಲ ಅಂವಾ.”

ನಾಗಲಿಂಗನ ತಲೆಗೆ ರುಮಾಲು ಸುತ್ತಲು ಹೋದರೆ ಎತ್ತರ ಎಟುಕದೆ ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ನಾಗಲಿಂಗ, ಮುದುಕನಿಗೆ ಎಟುಕಲೆಂದು, ತಾನೇ ತಲೆ ತಗ್ಗಿಸಿದ. ಗೆದ್ದವನ ಮುಖ ಅಲ್ಲ ಅದು. ಹೊತ್ತ ಹೊರೆ ಇಳಿಸಿದ ಮೇಲೂ ಹೆಗಲು ನೋಯುವವನ ಮುಖ.

ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆವು. ಬಾಬಾಜಾನ ಕಿಟಕಿಯ ಬಳಿ ಕೂತ, ನಾಗಲಿಂಗ ರುಮಾಲನ್ನು ಮಡಿಲಲ್ಲಿಟ್ಟುಕೊಂಡು ಅವನ ಬಾಜು ಕೂತ. ಅರ್ಧ ದಾರಿ ದಾಟಿತು.

“ಅಬ್ಬಾ” ಅಂದ ನಾಗಲಿಂಗ. “ಕಿಡಕಿ ಹಾಕ್ಲೇನು? ಗಾಳಿ ಭಾಳ ಐತಿ.”

“ಹಾಕಪಾ” ಅಂದ ಬಾಬಾಜಾನ.

ಬೆಳಗಾವಿ ಬರುವವರೆಗೂ ನಾನು ಬಾಯಿ ಬಿಡಲಿಲ್ಲ.