ಕಪ್ಪಾಗದ ಪಟ್ಟಿ

ರಾಮದುರ್ಗ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಸೇರಿ ಎರಡು ವರ್ಷವಾಗಿತ್ತು. ಬಿಳಿಜೋಳದ ಸುಗ್ಗಿಯ ದಿನಗಳು. ಒಂದು ಮುಂಜಾನೆ ಸುರೇಬಾನ ಕಡೆಯ ಹೆಂಗಸೊಬ್ಬಳು ಕುಡುಗೋಲು ತಾಗಿ ಅಂಗೈ ಸೀಳಿಕೊಂಡು ಬಂದಳು. ಜೊತೆಗೆ ಅವಳ ಅತ್ತೆ. ಹೊರಗೆ ಸರದಿಯಲ್ಲಿ ನಿಂತವರ ಗದ್ದಲ. ನಾನು ಅವಸರದಲ್ಲಿ ಸ್ಟೀಲಿನ ಡ್ರಮ್ ತೆರೆದು ಹೊಲಿಗೆಯ ಸಾಮಾನು ತೆಗೆದುಕೊಟ್ಟೆ. ನಮ್ಮ ಲೇಡಿ ಡಾಕ್ಟರ್ ನಾಲ್ಕು ಹೊಲಿಗೆ ಹಾಕಿದರು. ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಇಬ್ಬರನ್ನೂ ಕಳಿಸಿದೆವು.

ಆಮೇಲೆ ಟೇಬಲ್ ಒರೆಸುವಾಗ ಡ್ರಮ್ಮಿಗೆ ಅಂಟಿಸಿದ್ದ ಪಟ್ಟಿ ಕಣ್ಣಿಗೆ ಬಿತ್ತು. ಬಿಸಿ ಉಗಿಯಲ್ಲಿ ಸಾಮಾನಿನ ಕ್ರಿಮಿ ಕೊಲ್ಲುವ ಯಂತ್ರಕ್ಕೆ ಆಟೋಕ್ಲೇವ್ ಅನ್ನುತ್ತೇವೆ. ಅದು ಸರಿಯಾಗಿ ಕೆಲಸ ಮಾಡಿದ್ದರೆ ಪಟ್ಟಿಯ ಮೇಲಿನ ಗೆರೆಗಳು ಕಪ್ಪಾಗಬೇಕು. ಇವು ಬಿಳಿಚಿಕೊಂಡೇ ಇದ್ದವು. ಹಿಂದಿನ ಸಂಜೆ ಯಂತ್ರ ಹಚ್ಚಿದ್ದಾಗ ಕರೆಂಟ್ ಹೋಗಿತ್ತು. ಬಂದ ಮೇಲೆ ಮತ್ತೆ ಹಚ್ಚಬೇಕು ಅಂದುಕೊಂಡು ಮರೆತವಳು ನಾನೇ. ಪರೀಕ್ಷೆಯಲ್ಲಿ ಇದೇ ವಿಷಯವನ್ನು ಪುಟಗಟ್ಟಲೆ ಬರೆದು ಪಾಸಾದವಳೂ ನಾನೇ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಪಟ್ಟಿಯನ್ನು ಕಿತ್ತು ಎಸೆದಿದ್ದರೆ ಮುಗಿಯುತ್ತಿತ್ತು. ಆ ಯೋಚನೆ ಬಂದದ್ದು ನಿಜ. ಆದರೆ ಆ ಸೀಳಿದ ಅಂಗೈ ಕಣ್ಣ ಮುಂದಿನಿಂದ ಸರಿಯಲಿಲ್ಲ. ಪಟ್ಟಿ ಹಿಡಿದುಕೊಂಡೇ ಡಾಕ್ಟರ್ ಮುಂದೆ ಹೋಗಿ ನಿಂತೆ.

ಅವರು ಬಯ್ಯಲಿಲ್ಲ. "ಈ ಸಾಮಾನು ಇದಕ್ಕಿಂತ ಮೊದಲ ಯಾರಿಗೆ ಬಳಸಿದ್ವಿ?" ಎಂದರು.

"ನಿನ್ನೆ ಟೇಲರ್ ಚಾಚಾನ ಕುರು ಕೊಯ್ದಿವಲ್ರಿ, ಅವರಿಗೆ. ಬ್ಲೀಚಿಂಗ್ ನೀರಾಗ ನೆನಸಿ, ತಿಕ್ಕಿ ತೊಳದೇನ್ರಿ. ಉಗಿ ಒಂದ ಆಗಿಲ್ಲ."

"ಚಾಚಾನ್ನ ನಾನು ಕರಸ್ತೇನಿ, ರಕ್ತ ನೋಡೂಣು. ನೀವು ಆಕಿನ್ನ ಕರಕೊಂಡ ಬರ್ರಿ. ಓಡ್ರಿ ಲಗೂನ."

ಪುಣ್ಯಕ್ಕೆ ಬಸ್ ಇನ್ನೂ ಬಂದಿರಲಿಲ್ಲ. ಅತ್ತೆ ಸೊಸೆ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದರು. ಏದುಸಿರು ಬಿಡುತ್ತಲೇ ಹೇಳಿದೆ: "ಅವ್ವಾರ, ನನ್ನಿಂದ ತಪ್ಪಾಗೇತ್ರಿ. ಹೊಲಿಗಿ ಹಾಕಿದ ಸಾಮಾನು ಪೂರ್ತಿ ಸ್ವಚ್ಛ ಆಗಿರಲಿಲ್ರಿ. ಗಾಯ ಮತ್ತೊಮ್ಮೆ ತೊಳೀಬೇಕು."

ಅತ್ತೆ ಎದ್ದು ನಿಂತಳು. "ಏನ್ ಹೇಳಾಕ ಹತ್ತೀರಿ ನೀವು? ಮಂದಿ ಜೀವ ಅಂದ್ರ ಏನ್ ತಿಳಕೊಂಡೀರಿ?"

ಸುತ್ತಲಿನವರು ತಿರುಗಿ ನೋಡಿದರು. ಸೊಸೆಯೇ ಎದ್ದಳು. "ಇರ್ಲಿ ಬಿಡ್ರಿ ಅತ್ತಿ. ಪಾಪ, ಓಡಿ ಬಂದಾರ. ನಡೀರಿ ಹೋಗೂಣು."

ಡಾಕ್ಟರ್ ಹೊಲಿಗೆ ಬಿಚ್ಚಿ, ಗಾಯವನ್ನು ಬಹಳ ಹೊತ್ತು ತೊಳೆದು, ಪಟ್ಟಿ ಕಪ್ಪಾಗಿದ್ದ ಇನ್ನೊಂದು ಡ್ರಮ್ಮಿನ ಸಾಮಾನಿನಿಂದ ಮತ್ತೆ ಹೊಲಿದರು. ಅವಳು ಹಲ್ಲು ಕಚ್ಚಿ ಕುಳಿತಿದ್ದಳು. ಅಷ್ಟರಲ್ಲಿ ಚಾಚಾ ಬಂದರು, ಅಳತೆಯ ಟೇಪು ಕೊರಳಲ್ಲೇ ಇತ್ತು. ವಿಷಯ ತಿಳಿಸಿದಾಗ, "ತಗೋ ಬೇಟಾ, ಎಷ್ಟ ಬೇಕಷ್ಟ ರಕ್ತ ತಗೋ" ಎಂದು ತೋಳು ಚಾಚಿದರು. ಎಚ್‌ಐವಿಗೆ ಒಂದು, ಹೆಪಟೈಟಿಸ್ ಬಿ ಮತ್ತು ಸಿಗೆ ಒಂದೊಂದು ಪರೀಕ್ಷೆಯ ಕಿಟ್. ಆ ಇಪ್ಪತ್ತು ನಿಮಿಷ ನಾನು ಕುಳಿತುಕೊಳ್ಳಲಿಲ್ಲ. ಮೂರರಲ್ಲೂ ಒಂದೊಂದೇ ಗೆರೆ ಮೂಡಿತು. ಒಂದೇ ಗೆರೆಯೆಂದರೆ ಸೋಂಕಿನ ಸುಳಿವಿಲ್ಲ ಎಂದರ್ಥ. ಡಾಕ್ಟರ್ ನನ್ನ ಭುಜ ತಟ್ಟಿ, "ಇನ್ನ ನೀರ ಕುಡೀರಿ" ಎಂದರು. ಆಗಲೇ ನನಗೆ ಅಳು ಬಂದದ್ದು.

ಗಾಯ ಕೀವು ಕಟ್ಟಲಿಲ್ಲ. ಹತ್ತನೆಯ ದಿನ ಹೊಲಿಗೆ ಬಿಚ್ಚಿದಾಗ ಅಂಗೈಯಲ್ಲಿ ತೆಳ್ಳಗಿನ ಗುಲಾಬಿ ಗುರುತಷ್ಟೇ ಉಳಿದಿತ್ತು. ಬೆರಳು ಮಡಚಿ ಬಿಡಿಸಿ ತೋರಿಸಿ ಅವಳು ನಕ್ಕಳು.

ಅತ್ತೆ ನನ್ನನ್ನೇ ನೋಡುತ್ತಿದ್ದಳು. "ನೀ ಹೇಳದಿದ್ರ ನಮಗ ತಿಳೀತಿತ್ತೇನವಾ?"

"ಇಲ್ರಿ ಅವ್ವಾರ."

ಅವಳು ಸೆರಗು ಸರಿಮಾಡಿಕೊಂಡು, "ನನ್ನ ಮಣಕಾಲ ಭಾಳ ನೋಯತಾವ, ಅದನ್ನೂ ಒಂದೀಟ ನೋಡ್ರಿ" ಎಂದು ಬೆಂಚಿನ ಮೇಲೆ ಕುಳಿತಳು.

ಅವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ, ಎಷ್ಟೋ ದಿನಗಳ ಮೇಲೆ ರೊಟ್ಟಿ ರುಚಿ ಹತ್ತಿತು.